ಕಂಬಳಿಯೊಳಗಿನ ಅಂಕಪಟ್ಟಿ

ಬ್ಲಾಗು ಎಂದರೇನೆಂದು ಅವ್ವನಿಗೆ ತಿಳಿಸಿ ಹೇಳಲು ನಾನು ಮೂರು ಸಲ ಪ್ರಯತ್ನಿಸಿದ್ದೆ. ಮನೆಯ ಸಂಗತಿಗಳನ್ನು ಕಂಪ್ಯೂಟರಿನಲ್ಲಿ ಬರೆದಿಡುವುದು, ಅದನ್ನು ಯಾವ ಊರಿನವರು ಬೇಕಾದರೂ ಓದಬಹುದು ಎಂದು ವಿವರಿಸಿದೆ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ಮನಿ ಸುದ್ದಿ ಮಂದಿಗೆ ಹೇಳಾಕ ಆ ಅಂಗಡ್ಯಾಗ ತಾಸಗಟ್ಲೆ ಕುಂದರಬೇಕೇನು? ನಳದ ಕಡೆ ಬಾ, ಎರಡು ಕೊಡ ತುಂಬೂದ್ರಾಗ ಊರಿಗೆಲ್ಲಾ ಮುಟ್ಟತೈತಿ" ಎಂದಳು.

ಆಗ ನಾವು ಬೆಳಗಾವಿಯ ಮಹಾಂತೇಶ ನಗರದಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ನನಗೆ ಗುಮಾಸ್ತನ ಕೆಲಸ ಸಿಕ್ಕಿ ಎರಡು ವರ್ಷವಾಗಿತ್ತು. ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲನೆಯವನು ನಾನೇ ಆದ್ದರಿಂದ, ನಾನು ಬರೆದದ್ದರಲ್ಲಿ ತಪ್ಪು ಉಳಿದರೆ ಇಡೀ ಮನೆತನಕ್ಕೇ ಕುಂದು ಎಂಬ ಭಯವಿತ್ತು. ಶನಿವಾರ ಸಂಜೆ ಕ್ಯಾಂಪ್ ಪ್ರದೇಶದ ಸೈಬರ್ ಕೆಫೆಗೆ ನಿಘಂಟನ್ನು ಚೀಲದಲ್ಲಿಟ್ಟುಕೊಂಡು ಹೋಗುತ್ತಿದ್ದೆ. ಅಲ್ಲಿಯ ಅರ್ಧದಷ್ಟು ಕಂಪ್ಯೂಟರುಗಳಲ್ಲಿ ಕನ್ನಡವು ಬರಿಯ ಚೌಕಗಳಾಗಿ ಕಾಣುತ್ತಿತ್ತು. ಆ ಚೌಕಗಳನ್ನು ನೋಡಿದಾಗ ಕಾಗುಣಿತ ತಪ್ಪಿದ್ದರೂ ಯಾರಿಗೂ ತಿಳಿಯದು ಎಂದು ಒಳಗೊಳಗೇ ಸಮಾಧಾನವಾಗುತ್ತಿತ್ತು.

ಯಾರ ಹೆಸರನ್ನೂ ಬರೆಯಬಾರದೆಂಬುದು ನನ್ನ ನಿಯಮವಾಗಿತ್ತು. ಹೆಸರಿಲ್ಲದಿದ್ದರೆ ಯಾರಿಗೂ ನೋವಾಗದು ಎಂದು ನಂಬಿದ್ದೆ.

ನಾಲ್ಕನೆಯ ಬರಹ ನಾನು ಕಾಲೇಜಿಗೆ ಸೇರಿದ ದಿನದ ಕುರಿತಾಗಿತ್ತು. "ಧಾರಾಕಾರವಾಗಿ ಮಳೆ ಸುರಿಯುತ್ತಿರಲು, ಅಂಕಪಟ್ಟಿಯನ್ನು ಎದೆಗವಚಿಕೊಂಡು, ನಾನು ಏಕಾಂಗಿಯಾಗಿ ಆ ಮಹಾದ್ವಾರವನ್ನು ಪ್ರವೇಶಿಸಿದೆ" ಎಂದು ಆರಂಭಿಸಿದ್ದೆ. ಮೂರನೆಯ ದಿನ ಅದರ ಕೆಳಗೆ ಅಪರಿಚಿತರೊಬ್ಬರು, "ನಿಮ್ಮ ಏಕಾಂಗಿ ಹೋರಾಟಕ್ಕೆ ಅಭಿನಂದನೆಗಳು" ಎಂದು ಬರೆದರು. ಅದು ನನ್ನ ಬ್ಲಾಗಿಗೆ ಬಂದ ಮೊದಲ ಪ್ರತಿಕ್ರಿಯೆ. ಅದರ ಸಮೇತ ಮುದ್ರಿಸಿಕೊಂಡು ಮನೆಗೆ ತಂದೆ.

ಸೋಮವಾರ ನಾನು ಕಚೇರಿಯಲ್ಲಿದ್ದಾಗ ಅವ್ವನ ಅಣ್ಣ ಖಾನಾಪುರದಿಂದ ಬಂದಿದ್ದ. ನನ್ನ ತಂಗಿಯ ಮದುವೆಗೆ ಎರಡೇ ವಾರ ಉಳಿದಿತ್ತು. ಅಪ್ಪ ಲಗ್ನಪತ್ರಿಕೆ ಹಂಚಲು ಊರೂರು ತಿರುಗುತ್ತಿದ್ದ. ಚಹಾ ಕುದಿಯುವವರೆಗೆ ಮಾವನಿಗೆ ಬೇಸರವಾಗದಿರಲೆಂದು ತಂಗಿ ನನ್ನ ಬರಹವನ್ನು ಓದಿ ಹೇಳಿದಳು. ಮಾವ ಕೊನೆಯವರೆಗೂ ಕೇಳಿ, ರುಮಾಲು ಸುತ್ತಿಕೊಂಡು ಎದ್ದನಂತೆ. "ಒಬ್ಬನ ಹೋಗಿ ಕಾಲೇಜ್ ಕಲ್ತ ಬಂದಾನಲ್ಲ, ತಂಗಿ ಲಗ್ನಾನೂ ಒಬ್ಬನ ಮಾಡ್ಲಿ" ಎಂದು ಹೇಳಿ, ಚಹಾ ಕುಡಿಯದೆ ಹೊರಟುಹೋದನಂತೆ.

ನಮ್ಮಲ್ಲಿ ಮದುಮಗಳನ್ನು ಕೈಹಿಡಿದು ಹಂದರಕ್ಕೆ ಕರೆತರುವವನು ಸೋದರಮಾವ. ಅವನು ಬಾರದಿದ್ದರೆ ಬೀಗರ ಮುಂದೆ ಅವ್ವ ತಲೆಯೆತ್ತುವಂತಿರಲಿಲ್ಲ. ತಂಗಿ ನನ್ನೊಡನೆ ಮಾತು ಬಿಟ್ಟಳು. ಬಿಡುವ ಮೊದಲು ಒಂದು ಮಾತು ಹೇಳಿದಳು: "ಅಣ್ಣಾ, ನೀ ಮಾಮಾನ್ನ ಕರಕೊಂಡ ಬರಲಿಲ್ಲಂದ್ರ ನಾನೂ ಏಕಾಂಗಿಯಾಗೇ ನಿಂದರ್ತೀನಿ, ಅದನ್ನೂ ಬರ್ಕೋ."

ಭಾನುವಾರ ಬೆಳಿಗ್ಗೆ ಖಾನಾಪುರದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಹೊಸದೊಂದು ಬರಹವನ್ನು ತಿದ್ದುತ್ತಿದ್ದೆ.

ಮಾವ ಕೊಟ್ಟಿಗೆಯಲ್ಲಿದ್ದ. ಅವನು ಜನರೊಡನೆ ಕನ್ನಡದಲ್ಲಿಯೂ ಎಮ್ಮೆಯೊಡನೆ ಮರಾಠಿಯಲ್ಲಿಯೂ ಮಾತಾಡುತ್ತಿದ್ದ. "ಸರಕ್ ಗ, ಸರಕ್" ಎಂದು ಅದನ್ನು ಪಕ್ಕಕ್ಕೆ ಸರಿಸಿ, ಆ ದಿನ ಮಾತ್ರ ಕನ್ನಡದಲ್ಲಿ ಅದಕ್ಕೇ ಹೇಳಿದ: "ನೋಡು, ಒಬ್ಬನ ಬಂದಾನ. ಅಂವಗ ರೂಢಿ ಐತಿ."

"ಮಾಮಾ, ತಪ್ಪಾತು. ಆದ್ರ ಅದ್ರಾಗ ಯಾರ ಹೆಸರೂ ಹಾಕೂದಿಲ್ಲ. ನನ್ನ ಹೆಸರೂ ಇಲ್ಲ."

"ಹೆಸರು ಯಾರಿಗೆ ಬೇಕಾಗೇತಿ? ಆವತ್ತ ಹೋದವರು ಎಷ್ಟು ಮಂದಿ?"

"ಇಬ್ಬರು."

"ಬರದದ್ದು?"

"ಒಬ್ಬ."

"ಹತ್ತು ಕುರಿ ಹೊಡಕೊಂಡ ಹೋಗಿ ಒಂಬತ್ತ ತಂದ್ರ ನಿಮ್ಮಪ್ಪ ನಿನ್ನ ಮನಿಯೊಳಗ ಕರಕೊಳ್ತಿದ್ನೇನು?"

ನಾನು ಕಾಲೇಜಿಗೆ ಸೇರಿದ ಮಳೆಗಾಲದಲ್ಲಿ ಅಪ್ಪ ಎಂದಿನಂತೆ ಕುರಿಗಳೊಡನೆ ಮೂಡಲ ಬಯಲಿಗೆ ಹೋಗಿದ್ದ. ನನ್ನನ್ನು ಬೆಳಗಾವಿಗೆ ಕರೆದೊಯ್ದವನು ಮಾವ. ಅಂಕಪಟ್ಟಿಯನ್ನು ಅವನು ತನ್ನ ಕಂಬಳಿಯ ಒಳಗೆ ಎದೆಗವಚಿಕೊಂಡಿದ್ದ. ಕಾಲೇಜಿನ ಬಾಗಿಲಲ್ಲಿ ಇತರರ ತಂದೆಯಂದಿರು ರೇನ್‌ಕೋಟು ಹಾಕಿ, ಕೊಡೆ ಹಿಡಿದು ನಿಂತಿದ್ದರು. ತಲೆಯ ಮೇಲಿಂದ ಕಂಬಳಿಯ ಕೊಪ್ಪೆ ಹೊದ್ದಿದ್ದವನು ಇವನೊಬ್ಬನೇ. "ಮಾಮಾ, ನೀ ರಸ್ತೆ ಆಚೆ ನಿಂದರು" ಎಂದಿದ್ದೆ. ಒಳಗೆ ಕಾಗದಗಳನ್ನು ತೆಗೆದುಕೊಂಡ ಗುಮಾಸ್ತರು, "ಎಲ್ಲಾರ್ದೂ ತೋದಾವು, ನಿಂದೊಂದು ಒಣಗೇತಲ್ಲೋ" ಎಂದಿದ್ದರು. ಆ ಹಾಳೆಯಲ್ಲಿ ಉಣ್ಣೆಯ ವಾಸನೆಯಿತ್ತು. ಅವರಿಗೆ ಅದು ತಿಳಿದೀತೆಂದು ನಾನು ಹೆದರಿದ್ದೆ.

ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಅಂದು ಕೊಟ್ಟಿಗೆಯಲ್ಲಿ ನಿಂತು ಹೇಳಿದೆ.

"ನೀ ಕಂಬಳಿಗೆ ನಾಚಿದ್ದು ನನಗ ಆವತ್ತ ಗೊತ್ತಾಗೇತಿ" ಎಂದ ಮಾವ. "ಹದಿನೇಳು ವರ್ಷದ ಹುಡುಗ, ನಾಚಿಕಿ ಇರ್ತೈತಿ, ಬಿಡು. ಈಗ ನಿನಗ ವಯಸ್ಸೆಷ್ಟು?"

ನಾನು ಜೇಬಿನಿಂದ ಹೊಸ ಬರಹವನ್ನು ತೆಗೆದೆ. ಮಾವ ಕಟ್ಟೆಯ ಮೇಲೆ ಕುಳಿತ. ಓದಲಾರಂಭಿಸಿದೆ: "ತೊಯ್ದು ತೊಪ್ಪೆಯಾದ ಕಂಬಳಿಯಲ್ಲಿ, ಚಳಿಗೆ ನಡುಗುತ್ತ, ಮರದಡಿಯಲ್ಲಿ ನನಗಾಗಿ ಕಾದು ನಿಂತಿದ್ದ ಆ ಬಡಜೀವ..."

"ಏ ತಡಿ ತಡಿ. ಯಾರದು ಬಡಜೀವ?"

"ನೀನ ಮಾಮಾ."

"ನಾ ಯಾವಾಗ ನಡಗಿದ್ನೋ? ಕಂಬಳಿ ಒಳಗಿನ ತನಾ ತೋದಿದ್ರ ನಿನ್ನ ಕಾಗದ ಹ್ಯಾಂಗ ಒಣಗಿತ್ತು? ನಮ್ಮವ್ವ ನೂತ ಉಣ್ಣಿ ಅದು, ಸೋರೂದಿಲ್ಲ. ಆ ಸಾಲು ಹೊಡದ ಹಾಕು. ಮರದ ಬುಡಕ್ಕೂ ನಿಂತಿಲ್ಲ. ಚಾದಂಗಡಿ ತಗಡಿನ ಪತ್ರಾಸ್ ಕೆಳಗ ಬೆಚ್ಚಗ ಕುಂತು ಎರಡು ಚಾ ಕುಡದೀನಿ. ಆ ಮರಾಠಿ ಅಂಗಡಿಯಂವನ ಕಡೆ ಒಂದ ಎಮ್ಮಿ ಇತ್ತು, ವ್ಯಾಪಾರ ಕುದುರಿಸೀನಿ. ಈ ಎಮ್ಮಿ ಅವ್ವನ ಅದು."

ಎಮ್ಮೆಯ ಮರಾಠಿ ಎಲ್ಲಿಂದ ಬಂದಿತೆಂದು ಆಗ ನನಗೆ ತಿಳಿಯಿತು. ನಾನು ಸರದಿಯಲ್ಲಿ ನಿಂತು ಬೆವರುತ್ತಿದ್ದ ಹೊತ್ತಿನಲ್ಲಿ ರಸ್ತೆಯ ಆಚೆ ಮಾವ ಸುಖವಾಗಿದ್ದ. ಅವನ ಬಗ್ಗೆ ಪಡಬೇಕಾದ ಮರುಕವನ್ನೂ ನಾನೇ ಕಲ್ಪಿಸಿಕೊಂಡಿದ್ದೆ.

"ಇದ್ದದ್ದ ಇದ್ದಂಗ ಬರಿ" ಎಂದು ಮಾವ ಎದ್ದ. "ನಡಿ ಒಳಗ, ಚಾ ಕುಡಿ. ನಾನೂ ನಿಮ್ಮ ಮನ್ಯಾಗ ಚಾ ಬಿಟ್ಟು ಬಂದೀನಿ, ಒಂದು ಬಾಕಿ ಐತಿ."

ಮುಂದಿನ ಶನಿವಾರ ಕ್ಯಾಂಪಿಗೆ ಹೋಗಿ "ಏಕಾಂಗಿಯಾಗಿ" ಎಂಬುದನ್ನು ಅಳಿಸಿದೆ. ಕಂಬಳಿ, ಚಹಾದಂಗಡಿ, ಎಮ್ಮೆ ಎಲ್ಲವನ್ನೂ ಸೇರಿಸಿದೆ. ನನ್ನ ಏಕಾಂಗಿ ಹೋರಾಟದ ಅಭಿನಂದನೆ ಮಾತ್ರ ಕೆಳಗೆ ಹಾಗೆಯೇ ಉಳಿಯಿತು. ಅದನ್ನು ತೆಗೆಯಬಹುದಿತ್ತು. ಆದರೆ ಬರೆದವರು ಒಳ್ಳೆಯ ಮನಸ್ಸಿನಿಂದ ಬರೆದಿದ್ದರು. "ಕ್ಷಮಿಸಿ, ಜೊತೆಯಲ್ಲಿ ನಮ್ಮ ಮಾವ ಇದ್ದರು" ಎಂದು ಅವರಿಗೆ ಉತ್ತರ ಬರೆದು, ಕಾಗುಣಿತವನ್ನು ಎರಡು ಸಲ ನೋಡಿ ಎದ್ದೆ.

ಮದುವೆಯ ದಿನ ಮಾವ ಹೊಸ ಧೋತರ ಉಟ್ಟು, ಬಿಸಿಲಿದ್ದರೂ ಹೆಗಲ ಮೇಲೆ ಅದೇ ಕಂಬಳಿ ಹಾಕಿಕೊಂಡು ಬಂದ. ತಂಗಿಯ ಕೈಹಿಡಿದು ಹಂದರದ ಕಡೆಗೆ ನಡೆದವನು ನನ್ನ ಎದುರಿಗೆ ಬಂದಾಗ ನಿಂತ. ಹಿಂದಿದ್ದ ಹೆಂಗಸರೆಲ್ಲ ನಿಲ್ಲಬೇಕಾಯಿತು.

"ಅಳಿಯಾ, ಎಷ್ಟು ಮಂದಿ ಅದೀವಿ, ಎಣಿಸ್ಕೋ" ಎಂದ.

ಬಾಸಿಂಗ ಕಟ್ಟಿಕೊಂಡು ತಲೆ ತಗ್ಗಿಸಿದ್ದ ತಂಗಿ ನಕ್ಕುಬಿಟ್ಟಳು.