ಕೂಗದವನ ಸರದಿ

ತಪ್ಪು ನನ್ನದೇ. ಬೆರಳು ಉಳುಕಿದ್ದಕ್ಕೆ ಹೆರಿಗೆ ನೋವು ಬಂದವರ ಹಾಗೆ ಕಿರುಚಿ, ಕುರುಬರಹಳ್ಳಿಯ ಡಾಕ್ಟರ ಶಾಪಿನಲ್ಲಿ ಸರದಿ ಮುರಿಯಲು ನೋಡಿದೆ. ಅಲ್ಲಿನ ಕಾಂಪೌಂಡರ್ ಎಪ್ಪತ್ತೊಂದರ ಯುದ್ಧದಲ್ಲಿ ಗಾಯಾಳುಗಳನ್ನು ನೋಡಿಕೊಂಡು ಬಂದವರು. ಮೀಸೆ ಸವರುತ್ತಾ “ಆಗ್ಲಿ, ಆಗ್ಲಿ” ಎನ್ನುವ ಅವರ ಧಾಟಿಯನ್ನು ನಾನು ಬೀದಿಗೆಲ್ಲ ಅಣಕಿಸಿ ತೋರಿಸಿದ್ದೆ.

“ಆಗ್ಲಿ, ಆಗ್ಲಿ” ಎಂದು ನನ್ನನ್ನು ದಾಟಿ, ಮೂಲೆಯಲ್ಲಿ ಸುಮ್ಮನೆ ಕೂತಿದ್ದ ಗಾರೆ ಕೆಲಸದವನ ನಾಡಿ ಹಿಡಿದರು. ಅವನು ಗೋಡೆ ಕಟ್ಟಲು ನಿಲ್ಲಿಸಿದ್ದ ಬೊಂಬಿನ ಸಾರುವೆಯಿಂದ ಬಿದ್ದಿದ್ದನಂತೆ; ಮೈ ತಣ್ಣಗಾಗಿತ್ತು. ಡಾಕ್ಟರನ್ನು ಕರೆದು, ಅವನನ್ನು ಮಲಗಿಸಿ, ಆಟೋದಲ್ಲಿ ದೊಡ್ಡಾಸ್ಪತ್ರೆಗೆ ಸಾಗಿಸಿದರು.

ಕುತೂಹಲಕ್ಕೆ ನನ್ನ ನೋವೇ ಮರೆತುಹೋಯಿತು. “ಸಾರ್, ನಾನಷ್ಟು ಕೂಗಿದ್ರೂ ಅವನ ಹತ್ರಾನೇ ಯಾಕೆ ಹೋದ್ರಿ?”

“ಯುದ್ಧದಲ್ಲಿ ಕೂಗೋನಿಗೆ ಉಸಿರಿದೆ ಅಂತ ಬಿಟ್ಟು, ಸುಮ್ನಿರೋನ ಹತ್ರ ಓಡ್ತಿದ್ವಿ. ನೀನು ಕೂಗ್ತಾ ಇರಪ್ಪ, ನಮಗೂ ಧೈರ್ಯ.”