ಕೊನೆಯ ಪುಟ ಮೊದಲು ಓದಿದವರು

ಧಾರವಾಡದಲ್ಲಿ ನನಗೆ ಇತಿಹಾಸ ಕಲಿಸಿದ ಮೇಡಂ ನಮ್ಮ ಸಂಶೋಧನಾ ಪ್ರಬಂಧಗಳನ್ನು ಕೊನೆಯ ಪುಟದಿಂದ ಓದಲು ಶುರು ಮಾಡುತ್ತಿದ್ದರು. ಅಲ್ಲಿಯೂ ಇನ್ನೂ ಅರಸರ ಕಾಲವೇ ನಡೆದಿದ್ದರೆ ಕನ್ನಡಕ ಹಣೆಗೇರಿಸಿ, "ಅದಿರ್ಲಿ, ಇವತ್ತೇನಾಗೇತಿ ಹೇಳು," ಎಂದು ಹಾಳೆಗಳನ್ನು ನಮ್ಮತ್ತ ತಳ್ಳುತ್ತಿದ್ದರು.

ಒಮ್ಮೆ ಹುಬ್ಬಳ್ಳಿಯ ವಿಚಾರಸಂಕಿರಣವೊಂದರಲ್ಲಿ ಅವರೇ ಪ್ರಬಂಧ ಓದಬೇಕಿತ್ತು. ವಿಷಯ, ಊರ ಹೊರಗಿನ ಹಳೆಯ ಕೆರೆ. ಕಟ್ಟಿಸಿದವರ ಶಾಸನ ದಂಡೆಯ ಮೇಲೆ ಇನ್ನೂ ನಿಂತಿದೆ. ಕೆರೆಯೊಳಗೆ ಈಗ ಸೈಟುಗಳಿವೆ. ಆ ಸೈಟು ಮಾಡಿ ಮಾರಿದ ಸಾಹುಕಾರರೇ ಅಂದಿನ ಊಟದ ದಾನಿ. ಮುಂದಿನ ಸಾಲಿನಲ್ಲೇ ಕೂತಿದ್ದರು.

ಅಧ್ಯಕ್ಷರು ಮೇಡಂ ಅವರನ್ನು ಮೆಲ್ಲಗೆ ಪಕ್ಕಕ್ಕೆ ಕರೆದರು. "ಶಾಸನದ ತನಕ ಓದ್ರಿ, ಸಾಕು. ಮುಂದಿಂದು ಇತಿಹಾಸ ಅಲ್ಲರಿ."

"ನೋಡೂಣ್ರಿ," ಎಂದರು ಮೇಡಂ.

ಅಧ್ಯಕ್ಷರಿಗೆ ತಮ್ಮ ಮುಂದಿದ್ದ, ಸಮಯ ಮುಗಿದಾಗ ಬಾರಿಸುವ ಗಂಟೆಯ ಮೇಲೆ ಭರವಸೆಯಿತ್ತು. ಶಾಸನದಿಂದ ಹೊರಟ ಪ್ರಬಂಧ ಇವತ್ತಿಗೆ ಬಂದು ಮುಟ್ಟುವ ಮೊದಲೇ ಸಮಯ ಮುಗಿಯುವುದು ಇಂಥ ಸಭೆಗಳ ಪದ್ಧತಿ.

ಮೇಡಂ ಸೆರಗು ಸಿಕ್ಕಿಸಿ ನಿಂತು, ಕೊನೆಯ ಪುಟವನ್ನೇ ಮೊದಲು ತೆಗೆದರು. ಯಾವ ಸೈಟಿನ ಕೆಳಗೆ ಕೆರೆಯ ತೂಬು ಹೂತುಹೋಗಿದೆ, ಮಳೆ ಬಂದರೆ ಯಾರ ಮನೆಗೆ ನೀರು ನುಗ್ಗುತ್ತದೆ, ಪರವಾನಗಿ ಹೇಗೆ ಸಿಕ್ಕಿತು, ಎಲ್ಲವನ್ನೂ ಓದಿದರು. ಸಾಹುಕಾರರು ಮುಖ ಒರೆಸಿಕೊಂಡರು. ಅಧ್ಯಕ್ಷರು ಹೊತ್ತಿಗೆ ಮುನ್ನವೇ ಗಂಟೆ ಬಾರಿಸಿದರು.

ಮೇಡಂ ಹಾಳೆ ಮಡಚಿ ಸಾಹುಕಾರರತ್ತ ತಿರುಗಿದರು. "ಕೆರಿ ಕೆಡಿಸಿದವರಿಗೆ ಶಾಸನದಾಗ ಏನ ಶಾಪ ಐತಿ ಅನ್ನೂದಷ್ಟ ಓದೂದು ಉಳೀತ್ರಿ. ಇರ್ಲಿ ಬಿಡ್ರಿ. ಅದು ಕಲ್ಲಿನ ಮ್ಯಾಲ ಐತಿ, ಎಲ್ಲಿಗೂ ಹೋಗೂದಿಲ್ಲ."