ಕೊಳವೆಬಾವಿ ಲಾರಿಯ ಪಿ.ಟಿ.ಓ.

ಆ ಕೊಳವೆಬಾವಿ ಲಾರಿ ತಿಪಟೂರಿನ ನನ್ನ ಶೆಡ್ಡಿನ ಮುಂದೆ ಬಂದು ನಿಂತಿತೆಂದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಎಂಬತ್ತರ ದಶಕದ ಮಾತು. ನಾನು ವಾಹನಗಳ ವೈರಿಂಗ್ ರಿಪೇರಿ ಮಾಡಿಕೊಂಡಿದ್ದೆ. ಕೊಬ್ಬರಿ ಲಾರಿ ಬರಲಿ, ಟ್ರ್ಯಾಕ್ಟರ್ ಬರಲಿ, ಬೇಸರವಿಲ್ಲ. ಇದೊಂದು ಮಾತ್ರ ಬೇಡಪ್ಪಾ ಬೇಡ ಅನ್ನಿಸಿಬಿಟ್ಟಿತ್ತು.

ನಿಂತ ಲಾರಿಯ ಇಂಜಿನ್ನಿನಿಂದ ಕೊರೆಯುವ ಯಂತ್ರಕ್ಕೆ ಶಕ್ತಿ ಕೊಡುವ ಭಾಗವನ್ನು ಪಿ.ಟಿ.ಓ. ಅನ್ನುತ್ತಾರೆ. ಡ್ರೈವರ್ ಸ್ವಿಚ್ ಹಾಕಿದರೆ ಕ್ಯಾಬಿನ್ನಿನ ಕೆಳಗಿರುವ ವಾಲ್ವಿಗೆ ಕರೆಂಟು ಹೋಗುತ್ತದೆ, ಅದು ಟಕ್ ಎಂದು ತೆರೆದು ಗಾಳಿ ಬಿಡುತ್ತದೆ, ಪಿ.ಟಿ.ಓ. ಹಿಡಿದುಕೊಳ್ಳುತ್ತದೆ. ಈ ಲಾರಿಯಲ್ಲಿ ಹಿಡಿದದ್ದು ನಡುವೆಯೇ ಬಿಟ್ಟುಬಿಡುತ್ತಿತ್ತು. ಕೊರೆಯುವ ರಾಡುಗಳು ನೆಲದೊಳಗೆ ಸಿಕ್ಕಿಕೊಂಡಿರುತ್ತಿದ್ದವು, ಮೇಲೆ ಎಲ್ಲರೂ ಬಾಯಿ ಬಿಟ್ಟುಕೊಂಡು ನಿಂತಿರುತ್ತಿದ್ದರು.

ಡ್ರೈವರ್ ಚಿಕ್ಕನಾಯಕನಹಳ್ಳಿ ಕಡೆಯವನು, ಮಾತು ಕಡಿಮೆ. ಲಾರಿ ಕೊಂಡ ದಿನದಿಂದ ಅದನ್ನು ಓಡಿಸಿದವನು ಅವನೇ. ಲಾರಿಯ ಯಜಮಾನರಿಗೆ ಮಾತ್ರ ಇದೆಲ್ಲ ಅವನದೇ ಕಿತಾಪತಿ ಎಂಬ ಗುಮಾನಿ. ತೂಕಡಿಸಿ ಸ್ವಿಚ್ಚಿಗೆ ಕೈ ತಾಗಿಸುತ್ತಾನಂತೆ. ಅವರ ಬಾಮೈದ ಬೇರೆ ಆ ಸೀಟಿನ ಮೇಲೆ ಕಣ್ಣಿಟ್ಟು ಕೂತಿದ್ದ. ಕೊನೆಗೊಂದು ದಿನ ಯಜಮಾನರು ನನ್ನ ಎದುರಿಗೇ ಡ್ರೈವರನಿಗೆ ಹೇಳಿಬಿಟ್ಟರು.

“ಇನ್ನೊಂದ್ಸಲ ನಿಂತ್ರೆ ಕೀ ಕೊಟ್ಟು ಊರಿಗೆ ಹೋಗ್ತಾ ಇರು.”

ಅವನು ತಲೆ ಬಗ್ಗಿಸಿಕೊಂಡು ನಿಂತಿದ್ದ. ನನಗೆ ಯಜಮಾನರ ಮೇಲೆ ಸಿಟ್ಟು, ಲಾರಿಯ ಮೇಲೆ ಸಿಟ್ಟು, ಎಲ್ಲಕ್ಕಿಂತ ಹೆಚ್ಚಾಗಿ ನನ್ನ ಕಸುಬಿನ ಮೇಲೇ ಸಿಟ್ಟು. ಸ್ವಿಚ್ ಬದಲಾಯಿಸಿದ್ದೆ. ಯಾವನೋ ಪುಣ್ಯಾತ್ಮ ಫ್ಯೂಸಿಗೆ ಸುತ್ತಿದ್ದ ಸಿಗರೇಟಿನ ಬೆಳ್ಳಿ ಕಾಗದ ಕಿತ್ತೆಸೆದು ಹೊಸ ಫ್ಯೂಸ್ ಹಾಕಿದ್ದೆ. ಉದ್ದಕ್ಕೂ ವೈರು ಬೇರೆ ಎಳೆದಿದ್ದೆ. ಪ್ರತಿ ಸಲವೂ ವಾಲ್ವಿಗೆ ವೈರು ಕೂಡಿಸುವ ಪ್ಲಗ್ ಕಿತ್ತು ಟೆಸ್ಟ್ ಲ್ಯಾಂಪ್ ಇಟ್ಟರೆ ಝಗ್ಗೆಂದು ಉರಿಯುತ್ತಿತ್ತು, ಪ್ಲಗ್ ಹಾಕಿದರೆ ಪಿ.ಟಿ.ಓ. ಒಳ್ಳೆ ಮಗುವಿನಂತೆ ಕೆಲಸ ಮಾಡುತ್ತಿತ್ತು. ಒಂದು ವಾರ ಕಳೆಯುವುದರೊಳಗೆ ಮತ್ತೆ ಅದೇ ರಾಮಾಯಣ. ಕಾಯಿಲೆ ಡಾಕ್ಟರ ಎದುರಿಗೆ ಬರುವುದೇ ಇಲ್ಲ ಅಂದರೆ ಔಷಧಿ ಯಾವುದಕ್ಕೆ ಕೊಡುವುದು?

ಕೆಲಸ ನಡೆಯುವ ಜಾಗಕ್ಕೇ ಬರುತ್ತೇನೆ ಎಂದೆ. ತುರುವೇಕೆರೆ ರಸ್ತೆಯ ಒಂದು ತೋಟ. ಬೆಳಗ್ಗೆ ಯಂತ್ರ ಶುರು ಮಾಡುವ ಮೊದಲು ಪೂಜೆ. ನಮ್ಮ ಕಡೆ ಬಾವಿ ಕೊರೆಸುವವರು ಅಂಗಡಿಯ ಕಾಯಿ ತರುತ್ತಾರೆಯೇ? ತಮ್ಮ ತೋಟದ್ದೇ, ಅಲ್ಲಾಡಿಸಿದರೆ ಗುಳುಗುಳು ಎನ್ನುವ ಕಾಯಿ. ಬಂಪರಿನ ಮುಂದೆ ಒಡೆಯುತ್ತಾರೆ ಎಂದುಕೊಂಡು ನಾನು ಪಕ್ಕಕ್ಕೆ ಸರಿದೆ. ಯಜಮಾನರು ಬಂಪರಿನ ಕಡೆ ತಿರುಗಿಯೂ ನೋಡಲಿಲ್ಲ. ನೆಲ ಕೊರೆಸುವುದು ಪಿ.ಟಿ.ಓ. ತಾನೇ, ಪೂಜೆ ಅದಕ್ಕೇ ಸಲ್ಲಬೇಕು ಎಂದು ಅವರ ಲೆಕ್ಕ. ಕ್ಯಾಬಿನ್ನಿನ ಕೆಳಗೆ ಚಾಸಿಯ ಕಬ್ಬಿಣಕ್ಕೆ ಕಾಯಿ ಕುಕ್ಕಿ, ಎರಡು ಹೋಳಿನ ನೀರನ್ನೂ ಭಕ್ತಿಯಿಂದ ಒಳಕ್ಕೆ ಎರಚಿದರು. ಲಾರಿ ಕೈ ಕೊಡಲು ಶುರು ಮಾಡಿದ ಮೇಲೆ ಹೆಚ್ಚಿಗೆ ಇನ್ನೊಂದು ಕಾಯಿ ಸೇರಿಸಿದ್ದರಂತೆ. ಅದನ್ನೂ ಒಡೆದರು.

ನಾನು ಹಣೆ ಚಚ್ಚಿಕೊಳ್ಳುವುದೊಂದು ಬಾಕಿ.

ಬಿಸಿಲೇರುವ ಹೊತ್ತಿಗೆ, ರಾಡುಗಳು ಆಳಕ್ಕೆ ಇಳಿದ ಮೇಲೆ, ಪಿ.ಟಿ.ಓ. ಬಿಟ್ಟಿತು. ಡ್ರೈವರನ ಮುಖದಲ್ಲಿ ರಕ್ತವೇ ಇಲ್ಲ. ನಾನು ಲಾರಿಯ ಕೆಳಗೆ ನುಸುಳಿದೆ. ಈ ಸಲ ಪ್ಲಗ್ ಕೀಳದೆ, ಲ್ಯಾಂಪಿನ ಸೂಜಿಯನ್ನು ವೈರಿಗೇ ಚುಚ್ಚಿ ನೋಡಿದೆ. ಪ್ಲಗ್ಗಿನ ಈಚೆಗೆ ಝಗ್ಗೆಂದು ಬೆಳಕು, ಆಚೆಗೆ ಮಿಣುಕು ಮಿಣುಕು. ಕರೆಂಟು ಪ್ಲಗ್ಗಿನಲ್ಲೇ ತಡೆಯುತ್ತಿತ್ತು. ಆಮೇಲೆ ಕಿತ್ತೆ. ಪಿನ್ನುಗಳಿಗೆ ಹಸಿರು ಕಿಲುಬು, ಮುಟ್ಟಿದರೆ ಅಂಟು, ಮೂಸಿದರೆ ಹುಳಿ ಬಂದ ಕಾಯಿನೀರಿನ ವಾಸನೆ. ಹಿಂದೆಯೂ ಹಸಿರು ಕಂಡಿತ್ತು, ಹಳ್ಳ ದಾಟಿದ ಲಾರಿ ಎಂದು ಒರೆಸಿ ಸುಮ್ಮನಾಗಿದ್ದೆ. ಪ್ಲಗ್ ಕಿತ್ತು ಹಾಕಿದಾಗಲೆಲ್ಲ ಪಿನ್ನು ಉಜ್ಜಿಕೊಂಡು ತಾತ್ಕಾಲಿಕವಾಗಿ ಸರಿಹೋಗುತ್ತಿತ್ತು, ಅಷ್ಟೆ. ಲಾರಿ ಕೆಟ್ಟಷ್ಟೂ ಕಾಯಿ, ಕಾಯಿ ಒಡೆದಷ್ಟೂ ಲಾರಿ ಕೆಡುವುದು!

ಪ್ಲಗ್ಗನ್ನು ಯಜಮಾನರ ಮೂಗಿನ ಹತ್ತಿರ ಹಿಡಿದೆ. ದೇವರ ಕಾಯಿಯಿಂದ ಕೇಡಾಗುತ್ತದೆಯೇ ಎಂದು ಮೊದಲು ರೇಗಿದರು. ಮೂಸಿದ ಮೇಲೆ ದನಿ ತಗ್ಗಿತು. ತಪ್ಪು ಮಾತ್ರ ಅವರದಲ್ಲವಂತೆ.

“ಹಂಗಾದ್ರೆ ಇವನು ಒರೆಸ್ಬೇಕಿತ್ತೋ ಬ್ಯಾಡ್ವೋ?”

ನನ್ನ ಪಿತ್ತ ನೆತ್ತಿಗೇರಿತು. ಏನೋ ಅನ್ನುವುದರೊಳಗೆ ಡ್ರೈವರ್ ಜೇಬಿನಿಂದ ಕೀ ತೆಗೆದು ಅವರ ಮುಂದೆ ಹಿಡಿದ.

“ಒರೆಸಕ್ಕೋದಾಗ ತೀರ್ಥ ಒರೆಸ್ತೀಯೇನ್ಲಾ ಅಂತ ಕೈಗೆ ಹೊಡೆದೋರು ನೀವು. ಇನ್ಮ್ಯಾಕೆ ಕಾಯಿ ಕಲ್ಲಿನ ಮ್ಯಾಲೆ ಒಡೀರಿ ಯಜಮಾನ್ರೇ. ಆಗಲ್ಲ ಅಂದ್ರೆ ಕೀ ತಕಳಿ.”

ಅವನು ಅಷ್ಟು ಉದ್ದ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಯಜಮಾನರು ಕೀ ನೋಡಿದರು. ರಾಡುಗಳು ಸಿಕ್ಕಿಕೊಂಡಿದ್ದ ಗುಂಡಿಯನ್ನು ನೋಡಿದರು. ಜೊತೆಗೆ ಬಂದಿದ್ದ ಬಾಮೈದನ ಕಡೆಗೂ ನೋಡಿದರು. ಆ ಮಹಾನುಭಾವ ಆಗಲೇ ತೆಂಗಿನ ಮರದ ನೆರಳಿಗೆ ಸರಿದಿದ್ದ. ಹುದುಗಿದ ರಾಡನ್ನು ಮೇಲೆತ್ತುವುದು ಸೀಟಿನ ಮೇಲೆ ಕಣ್ಣಿಟ್ಟಷ್ಟು ಸುಲಭವಲ್ಲ.

“ಎಲ್ಲಾದ್ರೂ ಒಡ್ಕೊಳಪ್ಪ. ಹೋಗು, ಮೊದ್ಲು ರಾಡ್ ಎತ್ತು.”

ಅವರ ಬಾಯಲ್ಲಿ ಅದಕ್ಕಿಂತ ಹೆಚ್ಚಿಗೆ ಬರುವುದಿಲ್ಲ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು. ನಾನು ಪಿನ್ನು ಉಜ್ಜಿ, ಪ್ಲಗ್ ಹಾಕಿ, ಹಳೇ ಟ್ಯೂಬಿನ ರಬ್ಬರ್ ಸುತ್ತಿ ಬಿಗಿದೆ. ಡ್ರೈವರ್ ಕೀಯನ್ನು ಮತ್ತೆ ಜೇಬಿಗೆ ಹಾಕಲಿಲ್ಲ, ಮುಷ್ಟಿಯಲ್ಲೇ ಹಿಡಿದುಕೊಂಡು ಕ್ಯಾಬಿನ್ ಹತ್ತಿದ. ಇಂಜಿನ್ ಶುರುವಾಯಿತು. ಸ್ವಿಚ್ ಹಾಕಿದ. ಕೆಳಗೆ ಮಲಗಿದ್ದ ನನ್ನ ಕಿವಿಯ ಪಕ್ಕದಲ್ಲೇ ವಾಲ್ವು ಟಕ್ ಎಂದಿತು.